ಪ್ರೋಟೀನನ್ನು ಇಡಿಯಾಗಿ ತೂಗುವ ತಕ್ಕಡಿ

ತೂಕ ನೋಡುವುದು ವೈದ್ಯಶಾಸ್ತ್ರಕ್ಕೆ ಹೊಸ ಸಂಗತಿಯಲ್ಲ. ಮಗು ಹುಟ್ಟಿದೊಡನೆ ಅದನ್ನು ತೂಗುತ್ತಾರೆ. ಗರ್ಭಿಣಿಯ ತೂಕವನ್ನು ತಿಂಗಳು ತಿಂಗಳೂ ಬರೆದಿಡುತ್ತಾರೆ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ವೈದ್ಯರು ಒಡನೆಯೇ ಎಚ್ಚರಗೊಳ್ಳುತ್ತಾರೆ. ಆದರೆ ಶರೀರದ ತೂಕವನ್ನಲ್ಲ, ಶರೀರದೊಳಗಿನ ಒಂದೊಂದು ಅಣುವಿನ ತೂಕವನ್ನು ಅಳೆದು, ಆ ತೂಕದಲ್ಲಿ ಕಂಡುಬರುವ ಅತ್ಯಲ್ಪ ವ್ಯತ್ಯಾಸದಿಂದ ರೋಗದ ಸುಳಿವು ಹಿಡಿಯುವ ವಿದ್ಯೆಯೊಂದು ಕಳೆದ ಮೂರೂವರೆ ದಶಕಗಳಲ್ಲಿ ಬೆಳೆದು ನಿಂತಿದೆ. ಪ್ರಯೋಗಾಲಯಗಳಲ್ಲಿ ‘ಮಾಸ್ ಸ್ಪೆಕ್ಟ್ರೋಮೀಟರ್’ ಎಂದು ಕರೆಯುವ ದ್ರವ್ಯರಾಶಿ ರೋಹಿತಮಾಪಕವೇ ಈ ವಿದ್ಯೆಯ ತಕ್ಕಡಿ. ಪ್ರೋಟೀನಿನಂಥ ಬೃಹತ್ ಅಣುವನ್ನು ತುಂಡರಿಸದೆ ಇಡಿಯಾಗಿ ಈ ತಕ್ಕಡಿಯಲ್ಲಿ ತೂಗುವುದು ಹೇಗೆ, ಹಾಗೆ ತೂಗುವುದರಿಂದ ರೋಗಿಗೆ ದೊರೆಯುವ ಪ್ರಯೋಜನವೇನು, ಅದರ ಮಿತಿ ಎಲ್ಲಿದೆ ಎಂಬುದನ್ನು ಇಲ್ಲಿ ಪರಿಶೀಲಿಸಬಹುದು. ಉದಾಹರಣೆಗೆ ಬಹು ದೂರ ಹೋಗಬೇಕಾಗಿಲ್ಲ. ಪ್ರತಿಯೊಬ್ಬರ ರಕ್ತದಲ್ಲಿಯೂ ಹರಿಯುತ್ತಿರುವ ಹೀಮೋಗ್ಲೋಬಿನ್ ಎಂಬ ಕೆಂಪು ಪ್ರೋಟೀನೇ ಇದಕ್ಕೆ ಅತ್ಯುತ್ತಮ ನಿದರ್ಶನ.

ಪ್ರೋಟೀನು ಎಂಬ ಮಣಿಮಾಲೆ

ಪ್ರೋಟೀನು ಎಂದೊಡನೆ ಬೇಳೆ, ಹಾಲು, ಮೊಟ್ಟೆಗಳು ನೆನಪಿಗೆ ಬರುವುದು ಸಹಜ. ಆದರೆ ಆಹಾರದ ಪ್ರೋಟೀನು ಕೇವಲ ಕಚ್ಚಾ ಸಾಮಗ್ರಿ. ಅದನ್ನು ಜೀರ್ಣಿಸಿಕೊಂಡು, ಬಿಡಿಬಿಡಿಯಾಗಿ ಬೇರ್ಪಡಿಸಿ, ಶರೀರವು ತನಗೆ ಬೇಕಾದ ಸಹಸ್ರಾರು ಬಗೆಯ ಪ್ರೋಟೀನುಗಳನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಪ್ರತಿಯೊಂದು ಪ್ರೋಟೀನೂ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಮಾಲೆ. ಮುಖ್ಯವಾದ ಮಣಿಗಳ ಬಗೆ 20. ಯಾವ ಮಣಿಯ ಪಕ್ಕದಲ್ಲಿ ಯಾವ ಮಣಿ ಬರಬೇಕೆಂಬುದು ತಂದೆತಾಯಿಗಳಿಂದ ಬಂದ ಜೀನುಗಳಲ್ಲಿ ಬರೆದಿರುತ್ತದೆ. ಪ್ರತಿ ಬಗೆಯ ಮಣಿಗೂ ತನ್ನದೇ ತೂಕವಿರುವುದರಿಂದ, ಇಡೀ ಮಾಲೆಯ ತೂಕವೂ ನಿಶ್ಚಿತವಾಗಿರುತ್ತದೆ. ಲ್ಯೂಸೀನ್ ಮತ್ತು ಐಸೋಲ್ಯೂಸೀನ್ ಎಂಬ ಎರಡು ಮಣಿಗಳು ಮಾತ್ರ ಸಮತೂಕದವು.

ಹೀಮೋಗ್ಲೋಬಿನ್ ಅಣುವಿನಲ್ಲಿ ಇಂಥ 4 ಮಾಲೆಗಳಿವೆ: 2 ಆಲ್ಫಾ ಸರಪಳಿಗಳು, 2 ಬೀಟಾ ಸರಪಳಿಗಳು. ಆಲ್ಫಾ ಸರಪಳಿಯಲ್ಲಿ 141 ಅಮೈನೋ ಆಮ್ಲಗಳೂ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳೂ ಇವೆ. ಪ್ರತಿ ಸರಪಳಿಯ ಮಡಿಲಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟ ಹೀಮ್ ಎಂಬ ಪುಟ್ಟ ಅಣುವೊಂದು ಕುಳಿತಿರುತ್ತದೆ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿಯುವುದೂ ಅಂಗಾಂಗಗಳಲ್ಲಿ ಅದನ್ನು ಬಿಟ್ಟುಕೊಡುವುದೂ ಈ ಕಬ್ಬಿಣದ ಕೆಲಸ. ಒಂದೊಂದು ಕೆಂಪು ರಕ್ತಕಣದಲ್ಲಿಯೂ ಸುಮಾರು 27 ಕೋಟಿ ಹೀಮೋಗ್ಲೋಬಿನ್ ಅಣುಗಳಿರುತ್ತವೆ.

ಅಣುಗಳ ತೂಕವನ್ನು ಗ್ರಾಮಿನಲ್ಲಿ ಹೇಳುವುದು ವ್ಯರ್ಥ. ಅದಕ್ಕಾಗಿ ಡಾಲ್ಟನ್ ಎಂಬ ಮಾನವನ್ನು ಬಳಸುತ್ತಾರೆ. ಸ್ಥೂಲವಾಗಿ ಹೇಳುವುದಾದರೆ ಒಂದು ಜಲಜನಕ ಪರಮಾಣುವಿನ ತೂಕ 1 ಡಾಲ್ಟನ್. ಒಂದು ಗ್ರಾಮನ್ನು, 6ರ ಮುಂದೆ 23 ಸೊನ್ನೆಗಳಿರುವ ಸಂಖ್ಯೆಯಿಂದ ಭಾಗಿಸಿದರೆ ಬರುವಷ್ಟು ಹಗುರ ಅದು. ಈ ಮಾನದಲ್ಲಿ ಮಾನವನ ಆಲ್ಫಾ ಸರಪಳಿಯ ತೂಕ ಸುಮಾರು 15,126. ಬೀಟಾ ಸರಪಳಿಯ ತೂಕ ಸುಮಾರು 15,867. ಈ ಎರಡು ಸಂಖ್ಯೆಗಳನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭವಾಗುತ್ತದೆ.

ಒಂದು ಮಣಿ ಬದಲಾದರೆ

1910ರಲ್ಲಿ ಅಮೆರಿಕದ ಷಿಕಾಗೋ ನಗರದ ವೈದ್ಯ ಜೇಮ್ಸ್ ಹೆರಿಕ್ ಅವರು, ತೀವ್ರ ರಕ್ತಹೀನತೆಯಿಂದ ನರಳುತ್ತಿದ್ದ ತರುಣ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕೆಂಪು ಕಣಗಳನ್ನು ಕಂಡುದಾಗಿ ವರದಿ ಮಾಡಿದರು. ದುಂಡಗಿರಬೇಕಾದ ಕಣ ಹೀಗೇಕೆ ಬಾಗಿತು ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಸುಮಾರು ನಾಲ್ಕು ದಶಕಗಳು ಹಿಡಿದವು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವರ ಸಹೋದ್ಯೋಗಿಗಳು ಈ ರೋಗಿಗಳ ಹೀಮೋಗ್ಲೋಬಿನ್ನು ವಿದ್ಯುತ್ ಕ್ಷೇತ್ರದಲ್ಲಿ ಬೇರೆ ವೇಗದಿಂದ ಚಲಿಸುತ್ತದೆಂದು ತೋರಿಸಿ, ಇದು ಅಣುವಿನಲ್ಲಿಯೇ ಹುಟ್ಟಿದ ರೋಗವೆಂದು ಸಾರಿದರು. ದೋಷ ಅಣುವಿನ ಯಾವ ಭಾಗದಲ್ಲಿದೆಯೆಂಬುದನ್ನು 1956–57ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕೆಲಸ ಮಾಡುತ್ತಿದ್ದ ವೆರ್ನನ್ ಇಂಗ್ರಾಮ್. ಬೀಟಾ ಸರಪಳಿಯ 146 ಮಣಿಗಳಲ್ಲಿ 6ನೆಯದು ಮಾತ್ರ ಬದಲಾಗಿತ್ತು. ಗ್ಲುಟಾಮಿಕ್ ಆಮ್ಲವಿರಬೇಕಾದ ಸ್ಥಾನದಲ್ಲಿ ವ್ಯಾಲೀನ್ ಬಂದು ಕುಳಿತಿತ್ತು. ಮಿಕ್ಕ 145 ಮಣಿಗಳೂ ಸರಿಯಾಗಿಯೇ ಇದ್ದವು.

ಆ ಒಂದು ಬದಲಾವಣೆಯ ಪರಿಣಾಮ ಭೀಕರವಾದುದು. ಆಮ್ಲಜನಕವನ್ನು ಬಿಟ್ಟುಕೊಟ್ಟ ಬಳಿಕ ಈ ಹೀಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಎಳೆಗಳಾಗುತ್ತವೆ. ಕಣವು ಬಿರುಸಾಗಿ ಬಾಗುತ್ತದೆ. ಕಿರಿದಾದ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಳೆ ಕೀಲುಗಳಲ್ಲಿ ಸಹಿಸಲಾಗದ ನೋವು, ಮರುಕಳಿಸುವ ಸೋಂಕು, ಕಾಮಾಲೆ, ಕೆಲವೊಮ್ಮೆ ಚಿಕ್ಕ ವಯಸ್ಸಿನಲ್ಲಿಯೇ ಪಾರ್ಶ್ವವಾಯು – ಇವೆಲ್ಲವೂ ಆ ಒಂದು ಮಣಿಯಿಂದ ಬಂದ ಅನರ್ಥಗಳು.

ಈಗ ತೂಕದ ಲೆಕ್ಕ ನೋಡೋಣ. ಸರಪಳಿಯಲ್ಲಿ ಗ್ಲುಟಾಮಿಕ್ ಆಮ್ಲದ ಪಾಲು ಸುಮಾರು 129 ಡಾಲ್ಟನ್. ವ್ಯಾಲೀನಿನ ಪಾಲು ಸುಮಾರು 99. ಆದ್ದರಿಂದ ರೋಗಗ್ರಸ್ತ ಬೀಟಾ ಸರಪಳಿ 30 ಡಾಲ್ಟನ್ನಿನಷ್ಟು ಹಗುರ: 15,867ರ ಬದಲು 15,837. ಐದು ನೂರರಲ್ಲಿ ಒಂದು ಪಾಲಿನಷ್ಟು ಈ ವ್ಯತ್ಯಾಸವನ್ನು ಹಿಡಿಯಬಲ್ಲ ತಕ್ಕಡಿಯಿದ್ದರೆ, ರಕ್ತದ ಒಂದು ಹನಿಯಿಂದಲೇ ರೋಗದ ಸುಳಿವು ದೊರೆಯಬೇಕಷ್ಟೆ?

ಅಣುವನ್ನು ತೂಗುವ ಉಪಾಯ

ಅಣುವನ್ನು ತಟ್ಟೆಯಲ್ಲಿಟ್ಟು ತೂಗಲಾಗದು. ಆದರೆ ಓಡಿಸಿ ತೂಗಬಹುದು. ಮಾರುಕಟ್ಟೆಯ ಬೀದಿಯಲ್ಲಿ ಖಾಲಿ ಕೈಗಾಡಿಯನ್ನೂ ಅಕ್ಕಿ ಮೂಟೆ ಹೇರಿದ ಕೈಗಾಡಿಯನ್ನೂ ಒಂದೇ ಬಲದಿಂದ ನೂಕಿದರೆ ಖಾಲಿ ಗಾಡಿ ಮುಂದೆ ಹೋಗುತ್ತದೆ, ಭಾರದ ಗಾಡಿ ಹಿಂದೆ ಉಳಿಯುತ್ತದೆ. ಯಾವುದು ಎಷ್ಟು ಹೊತ್ತಿಗೆ ಬೀದಿಯ ಕೊನೆ ಮುಟ್ಟಿತೆಂಬುದನ್ನು ನೋಡಿ ಹೊರೆಯನ್ನು ಊಹಿಸಬಹುದು. ಅಣುಗಳನ್ನು ನೂಕುವ ಕೈ ಎಂದರೆ ವಿದ್ಯುತ್ತು. ಅದಕ್ಕಾಗಿ ಮೊದಲು ಅಣುವಿಗೆ ವಿದ್ಯುದಾವೇಶ ನೀಡಬೇಕು; ಅಂಥ ಆವೇಶಯುಕ್ತ ಕಣಕ್ಕೆ ಅಯಾನು ಎಂದು ಹೆಸರು. ಗಾಳಿಯ ಅಣುಗಳು ಅಡ್ಡಬಾರದಂತೆ ನಿರ್ವಾತ ಕೊಳವೆಯಲ್ಲಿ ಅಯಾನನ್ನು ಓಡಿಸಿ, ಅದು ಗುರಿ ಮುಟ್ಟಿದ ಕಾಲದಿಂದಲೋ, ಕಾಂತಕ್ಷೇತ್ರ ಅಥವಾ ವಿದ್ಯುತ್ ಕ್ಷೇತ್ರದಲ್ಲಿ ಅದು ಬಾಗಿದ ಅಥವಾ ಸುತ್ತಿದ ಬಗೆಯಿಂದಲೋ ಅದರ ತೂಕವನ್ನು ಲೆಕ್ಕ ಹಾಕುತ್ತಾರೆ.

ಈ ವಿದ್ಯೆಯ ತವರೂ ಕೇಂಬ್ರಿಜ್ಜೇ. ಅಲ್ಲಿನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಜೆ. ಜೆ. ಥಾಮ್ಸನ್ ಅವರು 1912–13ರಲ್ಲಿ ನಿಯಾನ್ ಅನಿಲದ ಪರಮಾಣುಗಳಲ್ಲಿ 20 ಮತ್ತು 22 ತೂಕದ ಎರಡು ಬಗೆಗಳಿರುವುದನ್ನು ಕಂಡರು. ಅವರ ಶಿಷ್ಯ ಫ್ರಾನ್ಸಿಸ್ ಆಸ್ಟನ್ 1919ರಲ್ಲಿ ಉತ್ತಮವಾದ ಉಪಕರಣವನ್ನು ನಿರ್ಮಿಸಿ, 1922ರ ರಸಾಯನ ವಿಜ್ಞಾನದ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದರು. ಮುಂದೆ ಇಂಗ್ರಾಮ್ ಅವರು ಕುಡುಗೋಲು ಕಣದ ರಹಸ್ಯವನ್ನು ಬಿಡಿಸಿದುದೂ ಅದೇ ಕ್ಯಾವೆಂಡಿಷ್ ಪ್ರಯೋಗಾಲಯದ ಆಶ್ರಯದಲ್ಲಿದ್ದ ಘಟಕದಲ್ಲಿಯೇ. ಆದರೆ ತೂಗುವ ಯಂತ್ರದ ನೆರವು ಅವರಿಗೆ ದೊರೆಯುವಂತಿರಲಿಲ್ಲ. ಅನಿಲವನ್ನು ತೂಗಬಲ್ಲ ಆ ಯಂತ್ರಕ್ಕೆ ಪ್ರೋಟೀನು ಎಟುಕದ ವಸ್ತುವಾಗಿತ್ತು. ತೂಗಬೇಕಾದ ಅಣು ಮೊದಲು ಆವಿಯಾಗಬೇಕು. ಪ್ರೋಟೀನನ್ನು ಕಾಯಿಸಿದರೆ ಅದು ಆವಿಯಾಗುವುದಿಲ್ಲ; ಬಾಣಲೆಯ ಮೊಟ್ಟೆಯಂತೆ ಗಟ್ಟಿಯಾಗಿ, ಕೊನೆಗೆ ಕರಿಕಾಗುತ್ತದೆ. ಈ ತೊಡಕಿನಿಂದಾಗಿ ಸುಮಾರು ಏಳು ದಶಕಗಳ ಕಾಲ ಇಡಿಯ ಪ್ರೋಟೀನುಗಳು ಈ ತಕ್ಕಡಿಗೆ ಏರಲಿಲ್ಲ.

ಆನೆ ಹಾರಿದ ಬಗೆ

ತೊಡಕನ್ನು ಬಿಡಿಸಿದ ಇಬ್ಬರ ವೃತ್ತಾಂತವೂ ಸ್ವಾರಸ್ಯಕರವಾಗಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಜಾನ್ ಫೆನ್ ಅವರು 1988ರಲ್ಲಿ ತಮ್ಮ ವಿಧಾನವು ಪ್ರೋಟೀನುಗಳಿಗೂ ಸಲ್ಲುತ್ತದೆಂದು ಪ್ರಕಟಿಸಿದಾಗ ಎಪ್ಪತ್ತರ ವಯಸ್ಸನ್ನು ದಾಟಿದ್ದರು. ಪ್ರೋಟೀನು ಕರಗಿರುವ ದ್ರವವನ್ನು ಸೂಜಿಯಂಥ ಕಿರುಗೊಳವೆಯ ಮೂಲಕ ಹರಿಸಿ, ಅದಕ್ಕೆ ಕೆಲವು ಸಾವಿರ ವೋಲ್ಟುಗಳ ವಿದ್ಯುತ್ತನ್ನು ಕೊಟ್ಟರೆ ದ್ರವವು ಮಂಜಿನಂತೆ ಸಿಂಪಡಿಸಲ್ಪಡುತ್ತದೆ. ಪ್ರತಿ ತುಂತುರು ಹನಿಯೂ ವಿದ್ಯುದಾವೇಶವನ್ನು ಹೊತ್ತಿರುತ್ತದೆ. ಹನಿಯ ನೀರು ಆರಿದಂತೆ ಅದು ಕುಗ್ಗುತ್ತದೆ, ಆದರೆ ಆವೇಶ ಕುಗ್ಗುವುದಿಲ್ಲ. ಇಕ್ಕಟ್ಟು ಮಿತಿಮೀರಿದಾಗ ಹನಿ ಒಡೆದು ಇನ್ನೂ ಚಿಕ್ಕ ಹನಿಗಳಾಗುತ್ತದೆ. ಕೊನೆಗೆ ಉಳಿಯುವುದು ಅನೇಕ ಆವೇಶಗಳನ್ನು ಹೊತ್ತ ಪ್ರೋಟೀನು ಅಣು ಮಾತ್ರ. ಕಾಯಿಸದೆ, ಒಡೆಯದೆ, ಬೃಹದಣುವನ್ನು ಆಕಾಶಕ್ಕೇರಿಸಿದ ಈ ಕಾರ್ಯವನ್ನು ಫೆನ್ ಅವರು ಆನೆಗಳಿಗೆ ರೆಕ್ಕೆ ಕಟ್ಟಿದಂತೆ ಎಂದು ಬಣ್ಣಿಸುತ್ತಿದ್ದರು.

ಇನ್ನೊಬ್ಬರು ಜಪಾನಿನ ಕ್ಯೋಟೋ ನಗರದ ಷಿಮಾಡ್ಜು ಸಂಸ್ಥೆಯ ಎಂಜಿನಿಯರ್ ಕೊಯಿಚಿ ತನಾಕ. ಡಾಕ್ಟರೇಟ್ ಪದವಿಯೂ ಇಲ್ಲದ ತರುಣ. ಲೇಸರ್ ಕಿರಣದಿಂದ ಪ್ರೋಟೀನನ್ನು ಎಬ್ಬಿಸಬೇಕು, ಆದರೆ ಅದು ಸಿಡಿದು ಚೂರಾಗಬಾರದು ಎಂಬುದು ಅವರ ಮುಂದಿದ್ದ ಸಮಸ್ಯೆ. ಒಂದು ದಿನ ಅವರು ಕೋಬಾಲ್ಟ್ ಲೋಹದ ನುಣ್ಪುಡಿಗೆ ತಪ್ಪಿ ಗ್ಲಿಸರಿನ್ ಬೆರೆಸಿಬಿಟ್ಟರು. ಬೆಲೆಬಾಳುವ ಪುಡಿಯನ್ನು ಚೆಲ್ಲಲು ಮನಸ್ಸಾಗದೆ ಆ ಮಿಶ್ರಣವನ್ನೇ ಪರೀಕ್ಷಿಸಿದರು. ಪ್ರೋಟೀನು ಒಡೆಯದೆ ಮೇಲೆದ್ದಿತು. 1987ರಲ್ಲಿ ಈ ಫಲಿತಾಂಶವನ್ನು ಅವರು ಪ್ರಕಟಪಡಿಸಿದರು. ಅದೇ ಕಾಲದಲ್ಲಿ ಜರ್ಮನಿಯ ಮೈಕೇಲ್ ಕರಾಸ್ ಮತ್ತು ಫ್ರಾಂಜ್ ಹಿಲ್ಲೆನ್‌ಕ್ಯಾಂಪ್ ಅವರು ಪ್ರೋಟೀನನ್ನು ಸಾವಯವ ಆಮ್ಲವೊಂದರ ಹರಳುಗಳಲ್ಲಿ ಹುದುಗಿಸಿ ಲೇಸರ್ ಹಾಯಿಸುವ ವಿಧಾನವನ್ನು ರೂಪಿಸಿದರು. ಇಂದು ‘ಮಾಲ್ಡಿ’ ಎಂಬ ಹೆಸರಿನಿಂದ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವುದು ಈ ಜರ್ಮನ್ ವಿಧಾನವೇ. 2002ರ ರಸಾಯನ ವಿಜ್ಞಾನದ ನೊಬೆಲ್ ಪುರಸ್ಕಾರದ ಅರ್ಧಭಾಗವನ್ನು ಫೆನ್ ಮತ್ತು ತನಾಕ ಹಂಚಿಕೊಂಡರು.

ತೂಕವನ್ನು ಓದುವ ಲೆಕ್ಕ

ಫೆನ್ ಅವರ ವಿಧಾನದಲ್ಲಿ ಒಂದು ವಿಶೇಷವಿದೆ. ಯಂತ್ರವು ನೇರವಾಗಿ ತೂಕವನ್ನು ತೋರಿಸದೆ, ತೂಕವನ್ನು ಆವೇಶಗಳ ಸಂಖ್ಯೆಯಿಂದ ಭಾಗಿಸಿದ ಮೌಲ್ಯವನ್ನು ತೋರಿಸುತ್ತದೆ. ಒಂದೇ ಬೀಟಾ ಸರಪಳಿಯ ಅಣುಗಳಲ್ಲಿ ಕೆಲವು 16 ಆವೇಶಗಳನ್ನು, ಕೆಲವು 17ನ್ನು, ಕೆಲವು 18ನ್ನು ಹೊತ್ತಿರುತ್ತವೆ. ಆದುದರಿಂದ ಕಾಗದದ ಮೇಲೆ ಒಂದು ಶಿಖರವಲ್ಲ, ಬೆಟ್ಟದ ಸಾಲಿನಂತೆ ಹಲವು ಶಿಖರಗಳು ಮೂಡುತ್ತವೆ. ಅವುಗಳಲ್ಲಿ ಅಕ್ಕಪಕ್ಕದ ಎರಡು ಶಿಖರಗಳು 934.37 ಮತ್ತು 882.52ರಲ್ಲಿ ಕಂಡವೆನ್ನೋಣ. ಮೊದಲನೆಯದಕ್ಕಿಂತ ಎರಡನೆಯದಕ್ಕೆ ಒಂದು ಆವೇಶ ಹೆಚ್ಚು. ಪ್ರತಿ ಆವೇಶದೊಡನೆ ಸುಮಾರು 1.008 ತೂಕದ ಒಂದು ಜಲಜನಕ ಅಂಟಿಕೊಂಡಿರುತ್ತದೆ. 882.52ರಿಂದ 1.008ನ್ನು ಕಳೆದು, ಉಳಿದುದನ್ನು ಎರಡು ಶಿಖರಗಳ ಅಂತರವಾದ 51.85ರಿಂದ ಭಾಗಿಸಿದರೆ 17 ಬರುತ್ತದೆ. ಎಂದರೆ ಮೊದಲ ಶಿಖರದ ಅಣುಗಳಲ್ಲಿ 17 ಆವೇಶಗಳಿವೆ. ಇನ್ನು 934.37ರಿಂದ 1.008ನ್ನು ಕಳೆದು 17ರಿಂದ ಗುಣಿಸಿದರೆ 15,867 ದೊರೆಯಿತು. ಇದು ಆರೋಗ್ಯವಂತ ಬೀಟಾ ಸರಪಳಿ. ಶಾಲೆಯ ಬಾಲಕನೂ ಮಾಡಬಹುದಾದ ಈ ಲೆಕ್ಕವನ್ನು ಗಣಕಯಂತ್ರವು ಎಲ್ಲ ಶಿಖರಗಳಿಗೂ ಕ್ಷಣಾರ್ಧದಲ್ಲಿ ಮಾಡಿಕೊಡುತ್ತದೆ. ಪ್ರತಿ ಶಿಖರವೂ ಅದೇ ಉತ್ತರವನ್ನು ಹೇಳುವುದರಿಂದ ತೂಕದ ನಿಖರತೆಯೂ ಹೆಚ್ಚುತ್ತದೆ.

ರಕ್ತವನ್ನು ಆಮ್ಲಯುಕ್ತ ದ್ರಾವಣದಲ್ಲಿ ತೆಳುಮಾಡಿ ತೂಗಿದರೆ ಹೀಮ್ ಕಳಚಿಕೊಂಡು ನಾಲ್ಕು ಸರಪಳಿಗಳೂ ಬೇರೆಯಾಗುತ್ತವೆ. ಆರೋಗ್ಯವಂತನಲ್ಲಿ 15,126 ಮತ್ತು 15,867 ಎಂಬ ಎರಡು ಮುಖ್ಯ ತೂಕಗಳು ಕಾಣುತ್ತವೆ. ಕುಡುಗೋಲು ಕಣದ ಜೀನನ್ನು ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಪಡೆದ ವಾಹಕನಲ್ಲಿ 15,867ರ ಪಕ್ಕದಲ್ಲಿ 15,837 ಕೂಡ ಕಾಣುತ್ತದೆ. ಇಬ್ಬರಿಂದಲೂ ಅದನ್ನು ಪಡೆದ ರೋಗಿಯಲ್ಲಿ, ಹೊರಗಿನ ರಕ್ತ ಕೊಟ್ಟಿಲ್ಲವಾದರೆ, 15,867 ಇರುವುದೇ ಇಲ್ಲ. ಮಧುಮೇಹಿಯ ರಕ್ತದಲ್ಲಿ ಇನ್ನೊಂದು ನೋಟ ಕಾಣುತ್ತದೆ. ಸಕ್ಕರೆಯ ಅಣುವೊಂದು ಬೀಟಾ ಸರಪಳಿಗೆ ಅಂಟಿದಾಗ ತೂಕ 162ರಷ್ಟು ಏರಿ 16,029 ಆಗುತ್ತದೆ. ಮಧುಮೇಹಿಗಳಿಗೆ ಚಿರಪರಿಚಿತವಾದ ‘ಎಚ್‌ಬಿಎ1ಸಿ’ ಪರೀಕ್ಷೆ ಅಳೆಯುವುದು ಬೀಟಾ ಸರಪಳಿಯ ಮೊದಲ ಮಣಿಗೆ ಹೀಗೆ ಸಕ್ಕರೆ ಮೆತ್ತಿಕೊಂಡ ಹೀಮೋಗ್ಲೋಬಿನ್ನಿನ ಪಾಲನ್ನೇ.

ಇಡಿಯಾಗಿಯೇ ಏಕೆ?

ಪ್ರೋಟೀನನ್ನು ಅಧ್ಯಯನ ಮಾಡಲು ಬಹುಮಟ್ಟಿಗೆ ಬಳಕೆಯಲ್ಲಿರುವ ದಾರಿ ಬೇರೆ. ಟ್ರಿಪ್ಸಿನ್ ಎಂಬ ಜೀರ್ಣಕಾರಕ ಕಿಣ್ವದಿಂದ ಪ್ರೋಟೀನನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ತುಂಡುಗಳನ್ನು ತೂಗಿ, ಅವುಗಳಿಂದ ಮೂಲವನ್ನು ಊಹಿಸುತ್ತಾರೆ. ಚಿಕ್ಕ ತುಂಡುಗಳನ್ನು ನಿರ್ವಹಿಸುವುದು ಸುಲಭ. ಸಾವಿರಾರು ಪ್ರೋಟೀನುಗಳ ಬೆರಕೆಯನ್ನೂ ಒಮ್ಮೆಗೆ ಪರಿಶೀಲಿಸಬಹುದು. ಆದರೆ ಇದರಲ್ಲೊಂದು ನಷ್ಟವಿದೆ. ಒಂದೇ ಮನೆಯಿಂದ ಬಂದ ಎರಡು ಪತ್ರಗಳನ್ನು ಸಾಲು ಸಾಲಾಗಿ ಹರಿದು ಒಂದೇ ಚೀಲಕ್ಕೆ ಹಾಕಿದರೆ, ಪ್ರತಿ ಸಾಲನ್ನೂ ಓದಬಹುದು. ಆದರೆ ಯಾವ ಎರಡು ಸಾಲುಗಳು ಒಂದೇ ಪತ್ರದಲ್ಲಿದ್ದವೆಂದು ಹೇಳಲಾಗದು.

ಇದು ಕೇವಲ ತರ್ಕದ ಮಾತಲ್ಲ. ಬೀಟಾ ಸರಪಳಿಯ 121ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ಗ್ಲುಟಮೀನ್ ಬಂದರೆ ಅದಕ್ಕೆ ಹೀಮೋಗ್ಲೋಬಿನ್ ಡಿ-ಪಂಜಾಬ್ ಎಂದು ಹೆಸರು. ಇದರಿಂದ ತೂಕ 1 ಡಾಲ್ಟನ್ ಇಳಿಯುತ್ತದೆ. ಒಬ್ಬನ ರಕ್ತದಲ್ಲಿ ಕುಡುಗೋಲು ಕಣದ ಬದಲಾವಣೆಯೂ ಡಿ ಬದಲಾವಣೆಯೂ ಎರಡೂ ಕಂಡವೆನ್ನೋಣ. ಅವು ಎರಡು ಬೇರೆ ಸರಪಳಿಗಳಲ್ಲಿದ್ದರೆ ತಂದೆಯಿಂದೊಂದು, ತಾಯಿಯಿಂದೊಂದು ಬಂದಿವೆಯೆಂದೂ ಆರೋಗ್ಯವಂತ ಬೀಟಾ ಸರಪಳಿ ಒಂದೂ ಇಲ್ಲವೆಂದೂ ಅರ್ಥ. ಇದು ತೀವ್ರವಾದ ರೋಗ. ಎರಡೂ ಒಂದೇ ಸರಪಳಿಯಲ್ಲಿದ್ದರೆ ಇನ್ನೊಂದು ಸರಪಳಿ ಸರಿಯಾಗಿದೆಯೆಂದು ಅರ್ಥ; ಆಗ ರೋಗದ ಸ್ವರೂಪವೂ ಮಕ್ಕಳಿಗೆ ಹರಿದುಬರುವ ಬಗೆಯೂ ಬೇರೆ. ತುಂಡುಗಳನ್ನಷ್ಟೇ ತೂಗಿದರೆ ಎರಡು ಸಂದರ್ಭಗಳಲ್ಲಿಯೂ ಅವೇ ತುಂಡುಗಳು ಕಾಣುತ್ತವೆ. ಇಡಿಯಾಗಿ ತೂಗಿದರೆ ಮೊದಲನೆಯದರಲ್ಲಿ ಎರಡು ಬೀಟಾ ಸರಪಳಿಗಳ ನಡುವಣ ಅಂತರ 29, ಎರಡನೆಯದರಲ್ಲಿ 31. ಎರಡು ಡಾಲ್ಟನ್ನಿನ ಈ ಅಂತರದಲ್ಲಿ ಒಂದು ಕುಟುಂಬದ ಭವಿಷ್ಯವೇ ಅಡಗಿದೆ.

ಒಂದೇ ಜೀನಿನಿಂದ ಹುಟ್ಟಿಯೂ, ಸಕ್ಕರೆ, ಫಾಸ್ಫೇಟ್ ಮೊದಲಾದವು ಅಂಟಿಕೊಳ್ಳುವುದರಿಂದಲೋ ಮಣಿಗಳು ಬದಲಾಗುವುದರಿಂದಲೋ ಪ್ರೋಟೀನು ತಾಳುವ ಹಲವು ರೂಪಗಳಿಗೆ ‘ಪ್ರೋಟಿಯೋಫಾರ್ಮ್’ ಎಂಬ ಹೆಸರನ್ನು 2013ರಲ್ಲಿ ಲಾಯ್ಡ್ ಸ್ಮಿತ್ ಮತ್ತು ನೀಲ್ ಕೆಲ್ಲೆಹರ್ ಸೂಚಿಸಿದರು. ಆ ರೂಪಗಳನ್ನು ಅವು ಇರುವಂತೆಯೇ ಕಾಣಲು ಇಡಿಯಾಗಿ ತೂಗುವುದೇ ನೇರವಾದ ದಾರಿ.

ತಕ್ಕಡಿಯ ಮಿತಿ

ಹಾಗೆಂದು ತೂಕವೊಂದೇ ಎಲ್ಲವನ್ನೂ ಹೇಳಲಾರದು. ಬಂಗಾಳ ಮತ್ತು ಈಶಾನ್ಯ ಭಾರತದಲ್ಲಿ ಹೆಚ್ಚಾಗಿ ಕಾಣುವ ಹೀಮೋಗ್ಲೋಬಿನ್ ಇ ಎಂಬುದರಲ್ಲಿ 26ನೆಯ ಗ್ಲುಟಾಮಿಕ್ ಆಮ್ಲ ಹೋಗಿ ಲೈಸೀನ್ ಬಂದಿರುತ್ತದೆ. ಆಫ್ರಿಕಾ ಮೂಲದ ಹೀಮೋಗ್ಲೋಬಿನ್ ಸಿ ಎಂಬುದರಲ್ಲಿ ಅದೇ ಅದಲುಬದಲು 6ನೆಯ ಸ್ಥಾನದಲ್ಲಿ ಆಗಿರುತ್ತದೆ. ಡಿ, ಇ, ಸಿ ಮೂರರಲ್ಲಿಯೂ ತೂಕದ ಇಳಿಕೆ ಸುಮಾರು 1 ಡಾಲ್ಟನ್ ಮಾತ್ರ. ವಾಹಕನ ರಕ್ತದಲ್ಲಿ ಇಷ್ಟು ಹತ್ತಿರದ ಎರಡು ಶಿಖರಗಳು ಸಾಮಾನ್ಯ ಉಪಕರಣದಲ್ಲಿ ಒಂದರೊಳಗೊಂದು ಬೆರೆತುಹೋಗುತ್ತವೆ. ಬೇರ್ಪಡಿಸಿ ನೋಡಿದರೂ ತೂಕದಿಂದ ಮೂರರಲ್ಲಿ ಯಾವುದೆಂದು ತಿಳಿಯದು.

ಇದಕ್ಕೆ ಪರಿಹಾರವೂ ಉಂಟು. ಇಡಿಯ ಸರಪಳಿಯನ್ನು ಮೊದಲು ತೂಗಿ, ಅನಂತರ ಅದೇ ಯಂತ್ರದೊಳಗೆ ಅದನ್ನು ಒಡೆದು, ಚೂರುಗಳನ್ನು ಮತ್ತೆ ತೂಗುವುದು. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಜುಬಾರೆವ್, ಕೆಲ್ಲೆಹರ್ ಮತ್ತು ಮೆಕ್‌ಲಾಫರ್ಟಿ ಅವರು 1998ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ನಿಧಾನಗತಿಯ ಎಲೆಕ್ಟ್ರಾನುಗಳನ್ನು ಸೆರೆಹಿಡಿಯುವಂತೆ ಮಾಡಿ ಪ್ರೋಟೀನಿನ ಬೆನ್ನೆಲುಬನ್ನು ಮುರಿಯಲಾಗುತ್ತದೆ. ಪಕ್ಕಕ್ಕೆ ಅಂಟಿಕೊಂಡ ಸಕ್ಕರೆ ಮುಂತಾದವು ಬಹುಮಟ್ಟಿಗೆ ಕಳಚದೆ ಉಳಿಯುತ್ತವೆ. ಎಷ್ಟನೆಯ ಮಣಿಯವರೆಗಿನ ಚೂರು ಸರಿಯಾದ ತೂಕದಲ್ಲಿದೆ, ಎಲ್ಲಿಂದ ಮುಂದೆ ತೂಕ ಬದಲಾಯಿತು ಎಂದು ನೋಡಿದರೆ ದೋಷದ ಸ್ಥಾನ ಬಯಲಾಗುತ್ತದೆ.

ಥಲಸೀಮಿಯಾ ಎಂಬ ಆನುವಂಶಿಕ ರಕ್ತಹೀನತೆಯಲ್ಲಿ ತೊಡಕು ಇನ್ನೊಂದು ಬಗೆಯದು. ಅಲ್ಲಿ ಸಾಮಾನ್ಯವಾಗಿ ಸರಪಳಿಯ ತೂಕದಲ್ಲಿ ತಪ್ಪಿರುವುದಿಲ್ಲ. ಅದರ ಉತ್ಪತ್ತಿಯೇ ಕಡಮೆಯಾಗಿರುತ್ತದೆ. ಎಷ್ಟು ತೂಕ ಎಂಬುದಕ್ಕಿಂತ ಎಷ್ಟು ಪ್ರಮಾಣ ಎಂಬುದು ಅಲ್ಲಿ ಮುಖ್ಯ. ಆದ್ದರಿಂದ ಬೀಟಾ ಥಲಸೀಮಿಯಾದ ವಾಹಕರನ್ನು ಗುರುತಿಸಲು ರಕ್ತಕಣಗಳ ಗಾತ್ರ ಮತ್ತು ‘ಎಚ್‌ಪಿಎಲ್‌ಸಿ’ ವಿಧಾನದಿಂದ ಅಳೆಯುವ ಹೀಮೋಗ್ಲೋಬಿನ್ ಎ2 ಪ್ರಮಾಣವನ್ನೇ ಅವಲಂಬಿಸಬೇಕು. ಇಂದಿಗೂ ನಮ್ಮ ದೇಶದ ಪ್ರಯೋಗಾಲಯಗಳಲ್ಲಿ ಹೀಮೋಗ್ಲೋಬಿನ್ನಿನ ದಿನನಿತ್ಯದ ಪರೀಕ್ಷೆ ಎಚ್‌ಪಿಎಲ್‌ಸಿ ಅಥವಾ ವಿದ್ಯುತ್ ಸಂಚಲನ ವಿಧಾನದ್ದೇ. ಅವುಗಳಿಗೆ ಬಗೆಹರಿಯದ ಒಗಟುಗಳನ್ನು ಬಿಡಿಸಲು ಮಾಸ್ ಸ್ಪೆಕ್ಟ್ರೋಮೀಟರ್ ನೆರವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಮ್ ಮತ್ತು ಅವರ ಸಹೋದ್ಯೋಗಿಗಳು ಆಲ್ಫಾ ಸರಪಳಿಯ ಭೇದವಾದ ಹೀಮೋಗ್ಲೋಬಿನ್ ಕ್ಯೂ-ಇಂಡಿಯಾವನ್ನೂ, ಎಸ್ ಮತ್ತು ಡಿ ಎರಡೂ ಇದ್ದ ಮಾದರಿಯನ್ನೂ ಈ ವಿಧಾನದಿಂದ ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದರು. ಕ್ಯೂ-ಇಂಡಿಯಾದಲ್ಲಿ ಆಲ್ಫಾ ಸರಪಳಿ 22 ಡಾಲ್ಟನ್ ಭಾರವಾಗಿರುತ್ತದೆ.

ಆಸ್ಪತ್ರೆಗೆ ಬಂದ ತಕ್ಕಡಿ

ಹೀಮೋಗ್ಲೋಬಿನ್ನಿನ ಹೊರಗೂ ಈ ವಿದ್ಯೆ ಹಲವು ಕಡೆ ಕಾಲಿಟ್ಟಿದೆ. ಮಹಾನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ ಇದು ಹೆಚ್ಚಾಗಿ ದುಡಿಯುತ್ತಿರುವುದು ರೋಗಾಣುಗಳನ್ನು ಗುರುತಿಸುವ ಕಾರ್ಯದಲ್ಲಿ. ರೋಗಿಯ ರಕ್ತ ಅಥವಾ ಮೂತ್ರದಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಲೋಹದ ಫಲಕದ ಮೇಲೆ ಸವರಿ, ಹರಳುಗಟ್ಟುವ ಆಮ್ಲವನ್ನು ಬೆರೆಸಿ ಲೇಸರ್ ಹಾಯಿಸಿದರೆ, 2,000ದಿಂದ 20,000 ಡಾಲ್ಟನ್ ವರೆಗಿನ ಅದರ ಇಡಿಯ ಪ್ರೋಟೀನುಗಳು ಶಿಖರಗಳ ಸಾಲಾಗಿ ಮೂಡುತ್ತವೆ. ಆ ಸಾಲು ಬೆರಳಚ್ಚಿನಂತೆ; ಸಂಗ್ರಹದಲ್ಲಿರುವ ಬೆರಳಚ್ಚುಗಳೊಡನೆ ಹೋಲಿಸಿ ಕೆಲವೇ ನಿಮಿಷಗಳಲ್ಲಿ ರೋಗಾಣುವಿನ ಹೆಸರನ್ನು ಹೇಳಬಹುದು. ಹಿಂದೆ ಇದಕ್ಕೆ ಒಂದು ದಿನ ಅಥವಾ ಹೆಚ್ಚು ಹಿಡಿಯುತ್ತಿತ್ತು. ರಕ್ತದಲ್ಲಿ ಸೋಂಕು ಹರಡಿದ ರೋಗಿಗೆ ಆ ಒಂದು ದಿನವೇ ಅಮೂಲ್ಯ. ಆದರೆ ಯಾವ ಔಷಧಕ್ಕೆ ಆ ರೋಗಾಣು ಬಗ್ಗುತ್ತದೆಂಬುದನ್ನು ತಿಳಿಯಲು ಬೇರೆ ಪರೀಕ್ಷೆ ಇನ್ನೂ ಬೇಕೇ ಬೇಕು.

ಮೂಳೆಮಜ್ಜೆಯ ಕ್ಯಾನ್ಸರುಗಳಲ್ಲಿ ಒಂದಾದ ಮಲ್ಟಿಪಲ್ ಮೈಲೋಮಾದಲ್ಲಿ ಒಂದೇ ಕುಲದ ಜೀವಕೋಶಗಳು ಮಿತಿಮೀರಿ ಬೆಳೆದು, ಸಾಮಾನ್ಯವಾಗಿ ಒಂದೇ ತೂಕದ ಪ್ರತಿಕಾಯವನ್ನು ರಕ್ತಕ್ಕೆ ಸುರಿಯುತ್ತವೆ. ಆ ಪ್ರತಿಕಾಯದ ಹಗುರ ಸರಪಳಿಯನ್ನು ಇಡಿಯಾಗಿ ತೂಗಿ ರೋಗವನ್ನು ಪತ್ತೆಹಚ್ಚುವ ವಿಧಾನವನ್ನು ಅಮೆರಿಕದ ಮೇಯೋ ಕ್ಲಿನಿಕ್ 2018ರಲ್ಲಿ ರೋಗಿಗಳ ಸೇವೆಗೆ ತಂದಿತು. ಚಿಕಿತ್ಸೆಯ ಬಳಿಕ ಅದೇ ತೂಕ ಮತ್ತೆ ಕಂಡರೆ ಹಳೆಯ ಶತ್ರು ಮರಳಿದನೆಂದು ತಿಳಿಯಬಹುದು.

ಔಷಧಗಳ ಶುದ್ಧತೆಗೂ ಇದೇ ಕಾವಲು. ಮಾನವನ ಇನ್ಸುಲಿನ್ 5,808 ಡಾಲ್ಟನ್. ಒಂದು ಕಾಲದಲ್ಲಿ ಮಧುಮೇಹಿಗಳಿಗೆ ಚುಚ್ಚುತ್ತಿದ್ದ ಹಂದಿಯ ಇನ್ಸುಲಿನ್ 5,778. ಸ್ತನ ಕ್ಯಾನ್ಸರಿಗೆ ಬಳಸುವ ಟ್ರಾಸ್ಟುಜುಮ್ಯಾಬ್‌ನಂಥ ಪ್ರತಿಕಾಯ ಔಷಧಗಳು 1,48,000 ಡಾಲ್ಟನ್ನಿನ ಆಸುಪಾಸಿನವು. ಸಕ್ಕರೆಯ ಒಂದೊಂದು ಕೊಂಡಿಗೆ 162ರಂತೆ ತೂಕ ಏರುವ ಹಲವು ರೂಪಗಳು ಅದರಲ್ಲಿರುತ್ತವೆ. ಮೂಲ ಔಷಧವನ್ನು ಹೋಲುವ, ಬೆಲೆ ಕಡಮೆಯ ಜೈವಿಕ ಔಷಧವನ್ನು ತಯಾರಿಸುವವರು ತಮ್ಮದರ ಇಡಿಯ ತೂಕ ಮೂಲಕ್ಕೆ ಹೊಂದುತ್ತದೆಂದು ತೋರಿಸಬೇಕಾಗುತ್ತದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆ ಇಂಥ ಟ್ರಾಸ್ಟುಜುಮ್ಯಾಬನ್ನು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು.

ಊರು ಬಿಟ್ಟು ಬಂದವರಿಗೆ ಇದರ ಪ್ರಸಕ್ತಿ

ಹೀಮೋಗ್ಲೋಬಿನ್ನಿನ ಭೇದಗಳು ಒಂದೊಂದು ಪ್ರದೇಶದಲ್ಲಿ, ಒಂದೊಂದು ಸಮುದಾಯದಲ್ಲಿ ಬೇರೂರಿದಂಥವು. ದಕ್ಷಿಣ ಭಾರತದಲ್ಲಿ ಕುಡುಗೋಲು ಕಣದ ಲಕ್ಷಣವನ್ನು ನೀಲಗಿರಿಯ ಗಿರಿಜನರಲ್ಲಿ 1952ರಲ್ಲಿಯೇ ಗುರುತಿಸಲಾಯಿತು. ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶ, ಒಡಿಶಾಗಳ ಅರಣ್ಯವಾಸಿಗಳಲ್ಲಿಯೂ, ಕರ್ನಾಟಕದ ಸೋಲಿಗ, ಜೇನುಕುರುಬ ಸಮುದಾಯಗಳಲ್ಲಿಯೂ ಅದು ಕಂಡುಬಂದಿದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಕುಡುಗೋಲು ಕಣ ರಕ್ತಹೀನತೆ ನಿರ್ಮೂಲನ ಅಭಿಯಾನವು 40 ವರ್ಷದೊಳಗಿನ ಸುಮಾರು 7 ಕೋಟಿ ಜನರ ತಪಾಸಣೆಯನ್ನೂ 2047ರ ಗಡುವನ್ನೂ ಮುಂದಿಟ್ಟುಕೊಂಡಿದೆ.

ಮಹಾನಗರದಲ್ಲಿ ಈ ಪ್ರಾದೇಶಿಕ ಗಡಿಗಳು ಅಳಿಸಿಹೋಗುತ್ತವೆ. ಮುಂಬಯಿ, ದೆಹಲಿಗಳಲ್ಲಿ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳು ಪಂಜಾಬಿ, ಬಂಗಾಳಿ, ಗುಜರಾತಿ ಮನೆತನಗಳೊಡನೆ ಸಂಬಂಧ ಬೆಳೆಸುವುದು ಇಂದು ಸಾಮಾನ್ಯ, ಸಂತೋಷದ ಸಂಗತಿ. ಸೋದರ ಸಂಬಂಧದಲ್ಲಿ ಮದುವೆಯಾದರೆ ಮಾತ್ರ ಇಂಥ ರೋಗಗಳ ಭಯ, ಹೊರಗಿನ ಸಂಬಂಧದಲ್ಲಿ ಭಯವಿಲ್ಲ ಎಂಬ ನಂಬಿಕೆ ಅನೇಕರಲ್ಲಿದೆ. ಸೋದರ ಸಂಬಂಧದಲ್ಲಿ ಅಪಾಯ ಹೆಚ್ಚೆಂಬುದು ನಿಜ. ಆದರೆ ದೂರದ ಸಂಬಂಧದಲ್ಲಿ ಅದು ಇಲ್ಲವೇ ಇಲ್ಲವೆನ್ನಲಾಗದು. ಎರಡು ಬೇರೆ ಬೇರೆ ಭೇದಗಳೂ ಒಂದೇ ಮಗುವಿನಲ್ಲಿ ಕೂಡಿಕೊಂಡು ರೋಗವಾಗಬಹುದು. ಬೀಟಾ ಥಲಸೀಮಿಯಾ ವಾಹಕ ಮತ್ತು ಹೀಮೋಗ್ಲೋಬಿನ್ ಇ ವಾಹಕ, ಕುಡುಗೋಲು ಕಣದ ವಾಹಕ ಮತ್ತು ಡಿ-ಪಂಜಾಬ್ ವಾಹಕ, ಕುಡುಗೋಲು ಕಣ ಮತ್ತು ಬೀಟಾ ಥಲಸೀಮಿಯಾ – ಈ ಜೋಡಿಗಳಲ್ಲಿ ಪ್ರತಿ ಗರ್ಭದಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲೊಂದು. ವಾಹಕರು ಸ್ವತಃ ಆರೋಗ್ಯವಂತರಾಗಿಯೇ ಇರುವುದರಿಂದ, ಪರೀಕ್ಷೆಯಿಲ್ಲದೆ ಇದು ತಿಳಿಯುವಂತಿಲ್ಲ. ಜಾತಕದ ಪಕ್ಕದಲ್ಲಿ, ಅಥವಾ ತಪ್ಪಿದರೆ ಗರ್ಭದ ಮೊದಲ ವಾರಗಳಲ್ಲಿ, ಇಬ್ಬರ ಹೀಮೋಗ್ಲೋಬಿನ್ ಪರೀಕ್ಷೆಯೂ ನಡೆದರೆ ಒಳಿತು. ವಾಹಕರೆಂದು ತಿಳಿದುದು ಮದುವೆಯನ್ನು ಮುರಿಯಲು ಕಾರಣವಲ್ಲ. ಒಬ್ಬರು ಮಾತ್ರ ವಾಹಕರಾದರೆ ಮಗುವಿಗೆ ಈ ರೋಗದ ಭಯವಿಲ್ಲ. ಇಬ್ಬರೂ ವಾಹಕರಾದರೆ ಆನುವಂಶಿಕ ಸಲಹೆಯನ್ನು ಸಕಾಲದಲ್ಲಿ ಪಡೆಯಬಹುದು.

ಮಧುಮೇಹಿಗಳೂ ಒಂದು ಮಾತನ್ನು ನೆನಪಿಡಬೇಕು. ರಕ್ತದ ಸಕ್ಕರೆಯ ಅಳತೆಗೂ ಎಚ್‌ಬಿಎ1ಸಿ ಫಲಿತಾಂಶಕ್ಕೂ ಹೊಂದಾಣಿಕೆಯಿಲ್ಲದೆ ಪದೇ ಪದೇ ಒಗಟಾಗುತ್ತಿದ್ದರೆ, ಹೀಮೋಗ್ಲೋಬಿನ್ನಿನ ಭೇದವೊಂದು ಮರೆಯಲ್ಲಿರಬಹುದು. ಕೆಲವು ಭೇದಗಳು ಕೆಲವು ಪರೀಕ್ಷಾವಿಧಾನಗಳನ್ನು ದಾರಿ ತಪ್ಪಿಸುತ್ತವೆ. ರಕ್ತಕಣಗಳು ತಮ್ಮ ಸುಮಾರು 120 ದಿನಗಳ ಆಯುಸ್ಸಿಗೆ ಮುನ್ನವೇ ನಾಶವಾಗುವ ರೋಗಗಳಲ್ಲಿ, ಸಕ್ಕರೆ ಮೆತ್ತಿಕೊಳ್ಳಲು ಕಾಲ ಸಾಲದೆ, ಫಲಿತಾಂಶ ಹುಸಿಯಾಗಿ ಕಡಮೆ ಬರುತ್ತದೆ. ಕಬ್ಬಿಣದ ಕೊರತೆಯಿಂದ ಅದು ಹುಸಿಯಾಗಿ ಏರುವುದೂ ಉಂಟು. ಇಂಥ ಸಂದರ್ಭದಲ್ಲಿ ಔಷಧದ ಪ್ರಮಾಣವನ್ನು ತಾವಾಗಿಯೇ ಬದಲಿಸದೆ, ಹೀಮೋಗ್ಲೋಬಿನ್ ಪರೀಕ್ಷೆಯ ಅಗತ್ಯವಿದೆಯೇ ಎಂದು ವೈದ್ಯರನ್ನು ಕೇಳುವುದು ಲೇಸು.

ನಿಯಾನ್ ಪರಮಾಣುವನ್ನು ತೂಗಲು ಹುಟ್ಟಿದ ಯಂತ್ರ ಒಂದು ಶತಮಾನದೊಳಗೆ ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯನ್ನು ತೂಗುವಷ್ಟು ದೂರ ನಡೆದು ಬಂದಿದೆ. ಯಂತ್ರ ಬೆಲೆಬಾಳುವಂಥದು, ಅದನ್ನು ನಡೆಸುವವರೂ ವಿರಳ. ಎಲ್ಲ ಆಸ್ಪತ್ರೆಗಳಿಗೂ ಅದು ಬರಲು ಇನ್ನೂ ಕಾಲ ಬೇಕು. ಆದರೆ ವಾಹಕರನ್ನು ಗುರುತಿಸುವ ಸಾಮಾನ್ಯ ರಕ್ತಪರೀಕ್ಷೆಗೆ ಅಷ್ಟು ಕಾಲ ಕಾಯಬೇಕಾದುದಿಲ್ಲ. ಅದು ಇಂದೇ, ಪ್ರತಿಯೊಂದು ಮಹಾನಗರದಲ್ಲಿಯೂ ದೊರೆಯುತ್ತದೆ.